ತು ಡುಕ್ ಅರಸನ ಸಮಾಧಿ: ವಿನಯದ ವಾಸ್ತು ಮತ್ತು ತಪ್ಪೊಪ್ಪಿಗೆಯ ಶಾಸನ

೧

ಮಧ್ಯ ವಿಯೆಟ್ನಾಮಿನ ಹುಯೆ ನಗರವು ೧೮೦೨ರಿಂದ ೧೯೪೫ರವರೆಗೆ ನುಯೆನ್ ಅರಸುಮನೆತನದ ರಾಜಧಾನಿಯಾಗಿತ್ತು. ಈ ಮನೆತನದ ಹದಿಮೂರು ಮಂದಿ ಅರಸರು ಪಟ್ಟವೇರಿದರೂ ಹುಯೆಯ ಸುತ್ತಣ ಗುಡ್ಡಗಳ ನಡುವೆ ಉಳಿದಿರುವ ರಾಜಸಮಾಧಿಗಳ ಸಂಖ್ಯೆ ಏಳು ಮಾತ್ರ. ೧೯೯೩ರಲ್ಲಿ ಹುಯೆಯ ಸ್ಮಾರಕಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಆ ಪಟ್ಟಿಯಲ್ಲಿ ವಿಯೆಟ್ನಾಮಿನ ಮೊದಲ ಹೆಸರು ಇದೇ. ಏಳು ಸಮಾಧಿಗಳಲ್ಲಿ ನಾಲ್ಕನೆಯ ಅರಸನಾದ ತು ಡುಕ್‌ನದು ಅತ್ಯಂತ ಸುಂದರವಾದುದೆಂಬ ಮಾತು ಪ್ರವಾಸಕಥನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕವಿಯೂ ಆಗಿದ್ದ ಅರಸನು ಕೊಳ, ತಾವರೆ, ದೇವದಾರುಗಳ ನಡುವೆ ತನಗಾಗಿ ಕಟ್ಟಿಸಿಕೊಂಡ ಉದ್ಯಾನವೆಂದೇ ಇದನ್ನು ಸಾಮಾನ್ಯವಾಗಿ ವರ್ಣಿಸಲಾಗುತ್ತದೆ.

ಈ ವರ್ಣನೆ ಸುಳ್ಳಲ್ಲ, ಆದರೆ ಸಾಲದು. ಈ ಸಮಾಧಿಯ ಆವರಣದಲ್ಲಿ ಒಂದು ಪದವು ಕಟ್ಟಡದಿಂದ ಕಟ್ಟಡಕ್ಕೆ ಪುನರಾವರ್ತನೆಗೊಂಡಿದೆ. ಅದು ‘ಖಿಯೆಮ್’, ಅಂದರೆ ವಿನಯ. ಆವರಣದ ಒಡಲಲ್ಲಿ ಅರಸನೇ ರಚಿಸಿದ ಸುದೀರ್ಘವಾದ ಒಂದು ಶಿಲಾಶಾಸನವೂ ಇದೆ. ಹಾಗಾಗಿ ಈ ಸಮಾಧಿಯನ್ನು ನೋಡುವುದರ ಜೊತೆಗೆ ಓದಬೇಕಾಗುತ್ತದೆ. ‘ವಿನಯ’ ಎಂಬ ಈ ಪದ ಯಾವಾಗ, ಯಾವ ಸಂದರ್ಭದಲ್ಲಿ ಇಲ್ಲಿಗೆ ಬಂದಿತೆಂಬುದನ್ನು ಗಮನಿಸಿದರೆ ಸಮಾಧಿಯ ತಾತ್ತ್ವಿಕತೆಯನ್ನು ಅದರ ಚರಿತ್ರೆಯಿಂದ ಬೇರ್ಪಡಿಸಲು ಬರುವುದಿಲ್ಲ ಎಂಬುದು ಪ್ರಸ್ತುತ ಲೇಖನದ ನಿಲುವು.

೨

ತು ಡುಕ್ ಹುಟ್ಟಿದ್ದು ೧೮೨೯ರಲ್ಲಿ. ೧೮೪೭ರಲ್ಲಿ ಪಟ್ಟಕ್ಕೆ ಬಂದ ಅವನು ೧೮೮೩ರಲ್ಲಿ ತೀರಿಕೊಳ್ಳುವವರೆಗೆ ಮೂವತ್ತಾರು ವರ್ಷ ಆಳಿದನು. ನುಯೆನ್ ಮನೆತನದಲ್ಲಿ ಇಷ್ಟು ದೀರ್ಘಕಾಲ ಆಳಿದವರು ಬೇರಿಲ್ಲ. ಕನ್‌ಫ್ಯೂಷಿಯನ್ ಶಾಸ್ತ್ರಗಳಲ್ಲಿ ಪಾರಂಗತನಾಗಿದ್ದ ಅವನ ಹೆಸರಿನಲ್ಲಿ ಸಾವಿರಾರು ಪದ್ಯಗಳಿವೆ. ಆದರೆ ಅವನ ಆಳ್ವಿಕೆಯ ಇನ್ನೊಂದು ಮುಖ ಸೋಲಿನ ಕಥನ. ಹಿರಿಯ ಅಣ್ಣನಾದ ಹೋಂಗ್ ಬಾವ್‌ನನ್ನು ಬದಿಗಿರಿಸಿ ಪಟ್ಟ ಇವನಿಗೆ ಬಂದಿತ್ತು. ಸಿಂಹಾಸನಕ್ಕಾಗಿ ಸಂಚು ನಡೆಸಿದ ಆ ಅಣ್ಣ ೧೮೫೪ರಲ್ಲಿ ಸೆರೆಯಲ್ಲಿಯೇ ಸತ್ತನು. ೧೮೫೮ರಲ್ಲಿ ಫ್ರೆಂಚರು ಡಾ ನಾಂಗ್ ಬಂದರಿನ ಮೇಲೆ ದಾಳಿ ಮಾಡಿದರು, ಮರುವರ್ಷ ಸೈಗಾನ್ ಹಿಡಿದರು. ೧೮೬೨ರ ಒಪ್ಪಂದದ ಪ್ರಕಾರ ದಕ್ಷಿಣದ ಮೂರು ಪೂರ್ವ ಪ್ರಾಂತಗಳು ಅವರ ಪಾಲಾದವು. ಅವುಗಳನ್ನು ಮರಳಿ ಪಡೆಯಲು ೧೮೬೩ರಲ್ಲಿ ಫಾನ್ ಥಾನ್ ಜಾನ್ ಎಂಬ ವೃದ್ಧ ಅಧಿಕಾರಿ ಪ್ಯಾರಿಸ್ಸಿಗೆ ಹೋಗಿ ಬಂದನು, ಫಲ ಸಿಗಲಿಲ್ಲ. ೧೮೬೭ರಲ್ಲಿ ಉಳಿದ ಮೂರು ಪಶ್ಚಿಮ ಪ್ರಾಂತಗಳನ್ನೂ ಫ್ರೆಂಚರು ವಶಪಡಿಸಿಕೊಂಡಾಗ ಅದೇ ಅಧಿಕಾರಿ ಆತ್ಮಹತ್ಯೆ ಮಾಡಿಕೊಂಡನು.

ಸಮಾಧಿಯ ನಿರ್ಮಾಣ ನಡೆದುದು ೧೮೬೪ರಿಂದ ೧೮೬೭ರ ನಡುವೆ. ಮೊದಲ ಮೂರು ಪ್ರಾಂತಗಳು ಹೋದ ಮೇಲೆ ಆರಂಭವಾದ ಕೆಲಸ ಉಳಿದ ಮೂರು ಹೋಗುವ ವರ್ಷಕ್ಕೆ ಮುಗಿಯಿತು. ಈ ಕಾಲಸಾಮ್ಯವನ್ನು ಬಿಟ್ಟು ಇಲ್ಲಿಯ ಕೊಳವನ್ನಾಗಲಿ ಮಂಟಪವನ್ನಾಗಲಿ ಅರ್ಥೈಸುವುದು ಕಷ್ಟ. ಅರಸನ ಖಾಸಗಿ ಬದುಕಿನ ಸಂಗತಿಯೊಂದನ್ನೂ ಇದರೊಡನೆ ಸೇರಿಸಿ ನೋಡಬೇಕು. ನೂರಕ್ಕೂ ಹೆಚ್ಚು ಮಂದಿ ಪತ್ನಿಯರಿದ್ದರೂ ತು ಡುಕ್‌ನಿಗೆ ಮಕ್ಕಳಾಗಲಿಲ್ಲ. ಸಿಡುಬು ಇದಕ್ಕೆ ಕಾರಣವೆಂದು ಹೇಳಲಾಗಿದೆ. ಅವನು ತನ್ನ ಸೋದರರ ಮಕ್ಕಳಲ್ಲಿ ಮೂವರನ್ನು ದತ್ತು ಪಡೆದನು. ಪಿತೃಪೂಜೆಯೇ ಧರ್ಮದ ತಿರುಳಾಗಿದ್ದ ಸಮಾಜದಲ್ಲಿ ಮಗನಿಲ್ಲದ ಅರಸನ ಸಮಾಧಿ ಎಂಬುದೇ ಒಂದು ಬಿಕ್ಕಟ್ಟು ಎನ್ನಬೇಕು.

೩

ನುಯೆನ್ ಅರಸರ ಸಮಾಧಿಗಳೆಲ್ಲ ಭೂಲಕ್ಷಣ ಶಾಸ್ತ್ರವನ್ನು ಅನುಸರಿಸಿದವು. ವಿಯೆಟ್ನಾಮೀಯರು ಇದನ್ನು ‘ಫಾಂಗ್ ಥುಯ್’, ಅಂದರೆ ‘ಗಾಳಿ-ನೀರು’ ಎಂದು ಕರೆಯುತ್ತಾರೆ. ಚೀನಾದ ಫೆಂಗ್ ಶುಯಿ ಇದರ ಮೂಲ. ಸಮಾಧಿಯ ಮುಂದೆ ಮರೆಯಾಗಿ ನಿಲ್ಲುವ ಗುಡ್ಡ, ಹಿಂದೆ ತಲೆದಿಂಬಿನಂತೆ ಒರಗಲು ಇನ್ನೊಂದು ಗುಡ್ಡ, ಮುಂದಣ ತಗ್ಗಿನಲ್ಲಿ ಶುಭಶಕ್ತಿಯನ್ನು ತಡೆದು ನಿಲ್ಲಿಸುವ ನೀರು, ಇವು ಇರಬೇಕು. ತು ಡುಕ್‌ನ ಸಮಾಧಿಗೆ ಜಾಂಗ್ ಖಿಯೆಮ್ ಗುಡ್ಡ ಮುಂದಣ ಮರೆ, ಜುವಾಂಗ್ ಸುವಾನ್ ಗುಡ್ಡ ಹಿಂದಣ ದಿಂಬು, ಲುವ್ ಖಿಯೆಮ್ ಕೊಳ ನೀರು. ಈ ಕೊಳ ಮೊದಲಿಗೆ ಅಲ್ಲಿ ಹರಿಯುತ್ತಿದ್ದ ಚಿಕ್ಕ ತೊರೆಯಾಗಿತ್ತು, ಅದನ್ನು ಅಗೆದು ಅಗಲಗೊಳಿಸಲಾಯಿತು.

ಶಾಸ್ತ್ರ ಒಂದೇ ಆದರೂ ಅರಸರು ಅದನ್ನು ಬಳಸಿದ ಬಗೆ ಬೇರೆ ಬೇರೆ. ಮನೆತನದ ಮೂಲಪುರುಷ ಜಾ ಲಾಂಗ್‌ನ ಸಮಾಧಿಯಲ್ಲಿ ಕಟ್ಟಡ ಕಡಿಮೆ, ಸುತ್ತಣ ಗುಡ್ಡಗಳ ಸಾಲೇ ಅದರ ಪ್ರಾಕಾರ. ಅಲ್ಲಿ ಅರಸ ಮತ್ತು ಪಟ್ಟದರಸಿಯರ ಸಮಾಧಿಗಳು ಒಂದರ ಪಕ್ಕ ಒಂದಿವೆ. ಅವನ ಮಗ ಮಿನ್ ಮಾಂಗ್‌ನ ಸಮಾಧಿಯಲ್ಲಿ ಸುಮಾರು ೭೦೦ ಮೀಟರ್ ಉದ್ದದ ನೇರ ರೇಖೆಯ ಮೇಲೆ ದ್ವಾರ, ಅಂಗಳ, ಶಾಸನಮಂಟಪ, ಗುಡಿ, ಸೇತುವೆ, ದಿಬ್ಬ ಒಂದಾದ ಮೇಲೊಂದು ಬರುತ್ತವೆ. ಎಡಕ್ಕಿರುವುದು ಬಲಕ್ಕೂ ಇರಬೇಕೆಂಬ ಸಮಮಿತಿ ಅಲ್ಲಿಯ ನಿಯಮ. ಕನ್‌ಫ್ಯೂಷಿಯನ್ ಪ್ರಭುತ್ವದ ಶಿಸ್ತನ್ನು ಕಲ್ಲಿನಲ್ಲಿ ಕಾಣಬೇಕೆನ್ನುವವರು ಅಲ್ಲಿಗೆ ಹೋಗಬೇಕು.

ತು ಡುಕ್‌ನ ಆವರಣದಲ್ಲಿ ಈ ನೇರ ರೇಖೆ ಮುರಿದಿದೆ. ಸುಮಾರು ೧೨ ಹೆಕ್ಟೇರ್ ವಿಸ್ತಾರದಲ್ಲಿ ಐವತ್ತರಷ್ಟು ಕಟ್ಟಡಗಳಿದ್ದ ಈ ಆವರಣದಲ್ಲಿ ವು ಖಿಯೆಮ್ ದ್ವಾರದಿಂದ ಹೊರಟ ದಾರಿ ಬಾಗುತ್ತ, ಬಳುಕುತ್ತ ಸಾಗುತ್ತದೆ. ಅದಕ್ಕೆ ಹಾಸಿರುವುದು ಉತ್ತರದ ಬಾತ್ ಚಾಂಗ್ ಊರಿನ ಹೆಸರಾಂತ ಇಟ್ಟಿಗೆ. ದಾರಿಯ ಒಂದು ಪಕ್ಕ ಕೊಳ, ಇನ್ನೊಂದು ಪಕ್ಕ ಮೆಟ್ಟಿಲುಗಳ ಮೇಲೆ ಅರಮನೆಯ ಭಾಗ. ಅದನ್ನು ದಾಟಿ ಮುಂದೆ ಹೋದರೆ ಸಮಾಧಿಯ ಭಾಗ. ಇವೆರಡೂ ಒಂದೇ ಅಕ್ಷದ ಮೇಲಿಲ್ಲ, ಎರಡು ಸಮಾನಾಂತರ ಅಕ್ಷಗಳ ಮೇಲಿವೆ. ಬದುಕಿನ ಮನೆ ಮತ್ತು ಸಾವಿನ ಮನೆ ಅಕ್ಕಪಕ್ಕದಲ್ಲಿದ್ದು ಒಂದೇ ನೀರಿನತ್ತ ಮುಖ ಮಾಡಿವೆ.

ಅಕ್ಕಪಕ್ಕ ಎಂಬುದು ಇಲ್ಲಿ ಅಲಂಕಾರದ ಮಾತಲ್ಲ. ಕೆಲಸ ಮುಗಿದ ೧೮೬೭ರಿಂದ ಸಾಯುವವರೆಗೆ, ಹದಿನಾರು ವರ್ಷ, ತು ಡುಕ್ ಈ ಆವರಣವನ್ನು ತನ್ನ ಎರಡನೆಯ ಅರಮನೆಯಾಗಿ ಬಳಸಿದನು. ಹ್ವಾ ಖಿಯೆಮ್ ಭವನದಲ್ಲಿ ರಾಜಕಾರ್ಯ ನೋಡುತ್ತಿದ್ದನು, ಲುವಾಂಗ್ ಖಿಯೆಮ್ ಭವನದಲ್ಲಿ ತಂಗುತ್ತಿದ್ದನು. ಪಕ್ಕದ ಮಿನ್ ಖಿಯೆಮ್ ರಂಗಮಂದಿರದಲ್ಲಿ ‘ತುವೊಂಗ್’ ಎಂಬ ಶಾಸ್ತ್ರೀಯ ನಾಟಕಗಳು ನಡೆಯುತ್ತಿದ್ದವು. ವಿಯೆಟ್ನಾಮಿನಲ್ಲಿ ಉಳಿದು ಬಂದಿರುವ ಅತ್ಯಂತ ಹಳೆಯ ರಂಗಮಂದಿರಗಳಲ್ಲಿ ಇದೂ ಒಂದು. ಕೊಳದಲ್ಲಿ ಕಂಬಗಳ ಮೇಲೆ ನಿಂತಿರುವ ಸುಂಗ್ ಖಿಯೆಮ್ ಮಂಟಪದಲ್ಲಿ ಅರಸನು ಪದ್ಯ ಕಟ್ಟುತ್ತಿದ್ದನು. ಕೊಳದ ನಡುವಿನ ತಿನ್ ಖಿಯೆಮ್ ನಡುಗಡ್ಡೆಯಲ್ಲಿ ಹೂಗಿಡಗಳನ್ನು ಬೆಳೆಸಿ ಪ್ರಾಣಿಗಳನ್ನು ಸಾಕಲಾಗಿತ್ತು. ಅವನ ಮರಣಾನಂತರ ಹ್ವಾ ಖಿಯೆಮ್ ಅರಸ ಮತ್ತು ಪಟ್ಟದರಸಿಯ ಪೂಜಾಸ್ಥಾನವಾಯಿತು, ಲುವಾಂಗ್ ಖಿಯೆಮ್ ಅವನ ತಾಯಿಯ ಪೂಜೆಗೆ ಮೀಸಲಾಯಿತು. ಆಸನವಿದ್ದ ಕಡೆ ಪೂಜಾಪೀಠ ಬಂದಿತು, ಕಟ್ಟಡ ಅದೇ ಉಳಿಯಿತು. ಬದುಕು ತಾತ್ಕಾಲಿಕ ತಂಗುವಿಕೆ, ಸಾವು ಮನೆಗೆ ಮರಳುವಿಕೆ ಎಂಬ ಪೂರ್ವ ಏಷ್ಯಾದ ಹಳೆಯ ಗ್ರಹಿಕೆಯನ್ನು ವಾಸ್ತುವಾಗಿ ಪರಿವರ್ತಿಸಿದ ಉದಾಹರಣೆಗಳಲ್ಲಿ ಇದಕ್ಕಿಂತ ಸ್ಪಷ್ಟವಾದುದು ವಿರಳ.

ಸಮಾಧಿಯ ಭಾಗದಲ್ಲಿ ಮಾತ್ರ ಸಂಪ್ರದಾಯದ ಕ್ರಮವೇ ಇದೆ: ಅಧಿಕಾರಿಗಳು, ಆನೆ, ಕುದುರೆಗಳ ಶಿಲ್ಪಗಳಿರುವ ಅಂಗಳ, ಶಾಸನಮಂಟಪ, ಎರಡು ಎತ್ತರದ ಸ್ತಂಭಗಳು, ಅರ್ಧಚಂದ್ರಾಕಾರದ ಚಿಕ್ಕ ಕೊಳ, ಕೊನೆಗೆ ಇಟ್ಟಿಗೆಯ ಪ್ರಾಕಾರದ ನಡುವೆ ಕಲ್ಲಿನ ಸಣ್ಣ ಮನೆಯಂಥ ಗೋರಿ. ಅಂಗಳದ ಅಧಿಕಾರಿಗಳ ವಿಗ್ರಹಗಳು ಗಿಡ್ಡವಾಗಿರುವುದಕ್ಕೆ ಅರಸನ ಕುಳ್ಳು ಮೈಕಟ್ಟೇ ಕಾರಣವೆಂದು ಜನ ಹೇಳುತ್ತಾರೆ. ಅರಸನ ದೇಹ ಇಲ್ಲಿಲ್ಲ, ಗುಪ್ತಮಾರ್ಗದಿಂದ ಅದನ್ನು ಒಯ್ದು ಹೂತವರನ್ನೆಲ್ಲ ಕೊಲ್ಲಿಸಲಾಯಿತು ಎಂಬ ಐತಿಹ್ಯವೂ ಪ್ರಚಲಿತವಾಗಿದೆ. ಇದು ನಿಜವೋ ಅಲ್ಲವೋ ಎಂಬುದಕ್ಕಿಂತ, ವಿನಯದ ಹೆಸರು ಹೊತ್ತ ಸಮಾಧಿಯ ಬಗ್ಗೆ ಜನರ ನೆನಪು ರಕ್ತದ ಕಥೆಯನ್ನೇ ಹೇಳುತ್ತಿದೆ ಎಂಬುದು ಗಮನಾರ್ಹ. ಅದಕ್ಕೆ ಕಾರಣವಿದೆ.

೪

ಆರಂಭದಲ್ಲಿ ಈ ನಿರ್ಮಾಣಕ್ಕೆ ‘ಖಿಯೆಮ್’ ಎಂಬ ಹೆಸರಿರಲಿಲ್ಲ. ಅರಸನು ಇದನ್ನು ಕರೆದುದು ‘ವಾನ್ ನಿಯೆನ್ ಕೋ’ ಎಂದು, ಅಂದರೆ ‘ಹತ್ತುಸಾವಿರ ವರ್ಷಗಳ ನೆಲೆಗಟ್ಟು’. ಸುಮಾರು ಮೂರು ಸಾವಿರ ಸೈನಿಕರು ಮತ್ತು ಕೆಲಸಗಾರರನ್ನು ಇದಕ್ಕೆ ಹಚ್ಚಲಾಗಿತ್ತು. ಆರು ವರ್ಷ ಹಿಡಿಯಬೇಕಾಗಿದ್ದ ಕೆಲಸವನ್ನು ಮೂರು ವರ್ಷಗಳಲ್ಲಿ ಮುಗಿಸಲು ಮೇಲ್ವಿಚಾರಕರು ಹೊರಟರು. ಹೊಡೆತ, ಕಾಯಿಲೆ, ಬಿಡುವಿಲ್ಲದ ದುಡಿಮೆ ಇದರ ಫಲ. ಹತ್ತುಸಾವಿರ ವರ್ಷಗಳ ಆ ಹೆಸರನ್ನೇ ಹಿಡಿದು, ಇದರ ಗೋಡೆ ಕಂದಕಗಳಿಗೆ ಆಳುಗಳ ಪ್ರಾಣ ಸುರಿಯುತ್ತಿದೆಯೆಂದು ಕಟಕಿಯಾಡುವ ಜನಪದ ದ್ವಿಪದಿಯೊಂದು ಇಂದಿಗೂ ವಿಯೆಟ್ನಾಮೀಯರ ನಾಲಗೆಯ ಮೇಲಿದೆ.

೧೮೬೬ರ ಸೆಪ್ಟೆಂಬರ್ ತಿಂಗಳ ಒಂದು ರಾತ್ರಿ ಈ ಕೆಲಸಗಾರರು ದಂಗೆಯೆದ್ದು ರಾಜಧಾನಿಯೊಳಕ್ಕೆ ನುಗ್ಗಿದರು. ಗಾರೆಯ ಸುಣ್ಣ ಕುಟ್ಟುವ ಒನಕೆಗಳೇ ಅವರ ಆಯುಧವಾಗಿದ್ದವು. ಹಾಗಾಗಿ ಚರಿತ್ರೆಯಲ್ಲಿ ಇದಕ್ಕೆ ‘ಸುಣ್ಣದ ಒನಕೆಯ ದಂಗೆ’ ಎಂದೇ ಹೆಸರು. ಮುಂದಾಳು ಡೋವಾನ್ ತ್ರುಂಗ್ ಮತ್ತು ಅವನ ತಮ್ಮಂದಿರು. ಅವರ ಉದ್ದೇಶ ತು ಡುಕ್‌ನನ್ನು ಇಳಿಸಿ, ಸೆರೆಯಲ್ಲಿ ಸತ್ತಿದ್ದ ಹೋಂಗ್ ಬಾವ್‌ನ ಮಗನನ್ನು ಪಟ್ಟಕ್ಕೆ ತರುವುದು. ದಂಗೆ ಬಹುಬೇಗ ಮುರಿದುಬಿತ್ತು, ಮುಂದಾಳುಗಳನ್ನು ಕೊಲ್ಲಲಾಯಿತು. ಸೋತ ಅಣ್ಣನ ಮಗನೂ ಉಳಿಯಲಿಲ್ಲ.

ಇದನ್ನು ಬರಿಯ ಕೂಲಿಗಳ ದಂಗೆ ಎನ್ನುವುದು ಅರ್ಧಸತ್ಯ. ಡೋವಾನ್ ತ್ರುಂಗ್ ಓದುಬಲ್ಲವನು. ಅರಸನ ಚಿಕ್ಕಪ್ಪನೂ ಆ ಕಾಲದ ಬಹುಮಾನ್ಯ ಕವಿಯೂ ಆಗಿದ್ದ ರಾಜಕುಮಾರ ಮಿಯೆನ್ ಥಾಮ್‌ನ ಅಳಿಯ. ಆಸ್ಥಾನದ ಒಳಗಿನ ಕಾವ್ಯಗೋಷ್ಠಿಗೂ ಸುಣ್ಣ ಕುಟ್ಟುವವರ ಗುಡಿಸಲಿಗೂ ನಡುವೆ ಓಡಾಡಿದ ವ್ಯಕ್ತಿ ಇವನು. ಸಿಂಹಾಸನದ ವಾರಸುದಾರಿಕೆಯ ಹಳೆಯ ಜಗಳ ಮತ್ತು ದುಡಿಯುವವರ ಸಂಕಟ ಇವನಲ್ಲಿ ಒಂದಾದವು. ಎರಡನ್ನೂ ಒಂದುಗೂಡಿಸಿದ ಸ್ಥಳ ಸಮಾಧಿಯ ಕಟ್ಟಡ.

ದಂಗೆಯನ್ನು ಹತ್ತಿಕ್ಕಿದ ಮೇಲೆ ತು ಡುಕ್ ತನ್ನ ತಪ್ಪನ್ನು ಒಪ್ಪಿಕೊಳ್ಳುವ ಬರಹವನ್ನು ಹೊರಡಿಸಿದನು, ನಿರ್ಮಾಣದ ಹೆಸರನ್ನು ‘ಖಿಯೆಮ್ ಕುಂಗ್’ ಅಂದರೆ ‘ವಿನಯದ ಅರಮನೆ’ ಎಂದು ಬದಲಿಸಿದನು. ಅವನ ಮರಣಾನಂತರ ಅದು ‘ಖಿಯೆಮ್ ಲಾಂಗ್’, ‘ವಿನಯದ ಸಮಾಧಿ’ ಆಯಿತು. ಹೀಗೆ ಹತ್ತುಸಾವಿರ ವರ್ಷಗಳ ಹೆಸರು ಅಳಿದು ವಿನಯದ ಹೆಸರು ಬಂದುದು ಒನಕೆಗಳು ಎದ್ದ ಮೇಲೆ. ಕೆಲಸ ಮಾತ್ರ ನಿಲ್ಲಲಿಲ್ಲ, ಮರುವರ್ಷ ಪೂರ್ತಿಯಾಯಿತು.

೫

ಹಾಗಾದರೆ ಈ ವಿನಯ ಕೇವಲ ಸೋಗೇ? ಅಷ್ಟು ಸುಲಭವಾಗಿ ತೀರ್ಮಾನಿಸುವಂತಿಲ್ಲ. ಪದದ ಆಯ್ಕೆಯ ಹಿಂದೆ ದೀರ್ಘವಾದ ಶಾಸ್ತ್ರಪರಂಪರೆಯಿದೆ. ಚೀನಾದ ಪ್ರಾಚೀನ ‘ಪರಿವರ್ತನೆಗಳ ಗ್ರಂಥ’ದಲ್ಲಿ ಬರುವ ಅರವತ್ತನಾಲ್ಕು ರೇಖಾಚಿಹ್ನೆಗಳಲ್ಲಿ ಹದಿನೈದನೆಯದರ ಹೆಸರು ಇದೇ ‘ವಿನಯ’. ಚೀನೀ ಉಚ್ಚಾರದಲ್ಲಿ ‘ಚಿಯೆನ್’ ಆಗಿರುವ ಅಕ್ಷರವನ್ನೇ ವಿಯೆಟ್ನಾಮೀಯರು ‘ಖಿಯೆಮ್’ ಎನ್ನುತ್ತಾರೆ. ಆರು ರೇಖೆಗಳ ಈ ಚಿಹ್ನೆಯಲ್ಲಿ ಮೇಲಿನ ಅರ್ಧ ಭೂಮಿ, ಕೆಳಗಿನ ಅರ್ಧ ಪರ್ವತ. ನೆಲದ ಮೇಲೆ ನಿಲ್ಲಬೇಕಾದ ಪರ್ವತ ಇಲ್ಲಿ ನೆಲದ ಅಡಿಯಲ್ಲಿದೆ. ಎತ್ತರವುಳ್ಳದ್ದು ತನ್ನ ಎತ್ತರವನ್ನು ಮರೆಸಿಕೊಂಡು ಕೆಳಗಿರುವುದೇ ವಿನಯ ಎಂಬುದು ಇದರ ವ್ಯಾಖ್ಯಾನ. ತುಂಬಿದ್ದರಿಂದ ಕಳೆದು ತಗ್ಗಿನತ್ತ ಹರಿಯುವುದು ಭೂಮಿಯ ಸ್ವಭಾವವೆಂದೂ ಅದರ ಟೀಕೆಯಲ್ಲಿ ಬರುತ್ತದೆ. ಈ ಗ್ರಂಥವನ್ನು ಬಾಯಿಪಾಠ ಮಾಡಿದ ವಿದ್ವಾಂಸ ಅಧಿಕಾರಿಗಳಿಗೆ ಭೂಮಿಯಡಿಯ ಪರ್ವತ ಎಂದೊಡನೆ ಸಮಾಧಿಯ ದಿಬ್ಬವೂ, ತಗ್ಗಿಗೆ ಹರಿಯುವುದು ಎಂದೊಡನೆ ತೊರೆಯಿಂದಾದ ಕೊಳವೂ ಹೊಳೆದಿರಬೇಕೆಂದು ಊಹಿಸಿದರೆ ತಪ್ಪಾಗಲಾರದು.

ವಿನಯದ ಚಿಹ್ನೆಗೆ ಇನ್ನೊಂದು ವಿಶೇಷವಿದೆ. ಅರವತ್ತನಾಲ್ಕರಲ್ಲಿ ಆರು ರೇಖೆಗಳೂ ಶುಭವನ್ನೇ ಹೇಳುವ ಚಿಹ್ನೆಯೆಂದು ಇದನ್ನು ವ್ಯಾಖ್ಯಾನಕಾರರು ಎತ್ತಿ ಹೇಳುತ್ತಾರೆ. ಎಲ್ಲ ಕಡೆಯಿಂದಲೂ ಅಶುಭವೇ ಎದುರಾಗುತ್ತಿದ್ದ ಅರಸನು ಈ ಪದವನ್ನು ಪ್ರತಿ ಬಾಗಿಲಿಗೂ ಕಟ್ಟಿದುದರಲ್ಲಿ ನೀತಿಯಷ್ಟೇ ರಕ್ಷೆಯ ಹಂಬಲವೂ ಇದ್ದಿತೆಂದು ತೋರುತ್ತದೆ.

ಇನ್ನು ಶಾಸನದ ವಿಚಾರ. ‘ಖಿಯೆಮ್ ಕುಂಗ್ ಕೀ’, ಅಂದರೆ ‘ವಿನಯದ ಅರಮನೆಯ ಬರಹ’ ಎಂಬ ಈ ಶಾಸನದಲ್ಲಿ ೪,೯೩೫ ಚೀನೀ ಅಕ್ಷರಗಳಿವೆ. ಸುಮಾರು ೨೦ ಟನ್ ತೂಕದ ಈ ಬಂಡೆಯನ್ನು ತಂದುದು ಐನೂರು ಕಿಲೋಮೀಟರಿನಷ್ಟು ಉತ್ತರದಲ್ಲಿರುವ ಥಾನ್ ಹ್ವಾ ಪ್ರಾಂತದಿಂದ. ನುಯೆನ್ ಸಂಪ್ರದಾಯದ ಪ್ರಕಾರ ತಂದೆಯ ಸಮಾಧಿಯ ಶಾಸನವನ್ನು ಮಗ ಬರೆಯಬೇಕು. ಜಾ ಲಾಂಗ್‌ನ ಶಾಸನವನ್ನು ಮಿನ್ ಮಾಂಗ್ ಬರೆದನು, ಮಿನ್ ಮಾಂಗ್‌ನದನ್ನು ಥಿಯೆವ್ ತ್ರಿ, ಥಿಯೆವ್ ತ್ರಿಯದನ್ನು ಅವನ ಮಗ ತು ಡುಕ್. ತು ಡುಕ್‌ನಿಗೆ ಬರೆಯುವ ಮಗನಿರಲಿಲ್ಲ, ತಾನೇ ಬರೆದುಕೊಂಡನು.

ಇಲ್ಲಿ ಸಾಹಿತ್ಯಪ್ರಕಾರದ ಪ್ರಶ್ನೆಯೊಂದು ಹುಟ್ಟುತ್ತದೆ. ಕನ್ನಡ ಶಾಸನಗಳ ಪ್ರಶಸ್ತಿಭಾಗವನ್ನು ಓದಿ ಅಭ್ಯಾಸವಾದವರಿಗೆ ಅರಸನ ಶಾಸನವೆಂದರೆ ಬಿರುದು, ವಂಶ, ಪರಾಕ್ರಮಗಳ ಸಾಲು ನಿರೀಕ್ಷಿತ. ನುಯೆನ್ ಸಮಾಧಿಶಾಸನವೂ ಮೂಲತಃ ಪ್ರಶಸ್ತಿಯೇ: ತಂದೆಯ ಗುಣ, ಕಾರ್ಯ, ಪುಣ್ಯಗಳನ್ನು ಮಗ ಕೊಂಡಾಡುವ ಬರಹ. ಈ ಪ್ರಕಾರವನ್ನು ತು ಡುಕ್ ಮಗನ ಸ್ಥಾನದಿಂದ ಒಮ್ಮೆ ಬಳಸಿದ್ದನು. ಆದರೆ ಬರೆಯುವವನೂ ಬರೆಸಿಕೊಳ್ಳುವವನೂ ಒಬ್ಬನೇ ಆದಾಗ ಪ್ರಶಸ್ತಿ ಸಾಧ್ಯವಾಗುವುದಿಲ್ಲ, ಆತ್ಮಪ್ರಶಂಸೆ ಪಾಪ. ಹಾಗಾಗಿ ಹೊಗಳಿಕೆಯ ಜಾಗದಲ್ಲಿ ಇಲ್ಲಿ ಬಂದಿರುವುದು ತಪ್ಪೊಪ್ಪಿಗೆ. ತನ್ನ ಕಾಯಿಲೆ, ಮಕ್ಕಳಿಲ್ಲದ ಕೊರಗು, ಆಳ್ವಿಕೆಯ ಅಸಾಮರ್ಥ್ಯ, ನಾಡಿನ ಭಾಗಗಳನ್ನು ಕಳೆದುಕೊಂಡ ಹೊಣೆ, ಬದುಕಿರುವಾಗಲೇ ಸಮಾಧಿ ಕಟ್ಟಿಸಿದ್ದಕ್ಕೆ ಸಮರ್ಥನೆ, ಇವು ಆ ಶಾಸನದ ವಸ್ತು. ಮಗನಿಲ್ಲದ ಕೊರತೆ ಒಂದು ಪ್ರಕಾರವನ್ನೇ ತಲೆಕೆಳಗು ಮಾಡಿದೆ ಎನ್ನಬಹುದು.

ಈ ತಪ್ಪೊಪ್ಪಿಗೆಯನ್ನು ಶುದ್ಧ ಆತ್ಮಕಥನವೆಂದು ಭಾವಿಸುವುದೂ ಎಚ್ಚರಗೇಡಿತನವೇ. ಚೀನೀ ಸಾಮ್ರಾಜ್ಯದಲ್ಲಿ ಹಾನ್ ಕಾಲದಿಂದಲೂ ಅರಸನು ತನ್ನನ್ನು ತಾನೇ ದೂಷಿಸಿಕೊಳ್ಳುವ ರಾಜಾಜ್ಞೆಗಳ ಪರಂಪರೆಯಿದೆ. ಬರಗಾಲ, ಭೂಕಂಪ, ದಂಗೆಗಳು ಸಂಭವಿಸಿದಾಗ ‘ಆಕಾಶದ ಆದೇಶ’ವನ್ನು ಹೊತ್ತ ಅರಸನು ದೋಷ ತನ್ನದೆಂದು ಸಾರಬೇಕು, ಹಾಗೆ ಸಾರುವ ಮೂಲಕ ಆ ಆದೇಶ ಇನ್ನೂ ತನ್ನ ಬಳಿಯಲ್ಲೇ ಇದೆಯೆಂದು ಸೂಚಿಸಬೇಕು. ಅಂದರೆ ತಪ್ಪೊಪ್ಪಿಕೊಳ್ಳುವುದು ಅಧಿಕಾರವನ್ನು ಬಿಟ್ಟುಕೊಡುವ ಕ್ರಿಯೆಯಲ್ಲ, ಉಳಿಸಿಕೊಳ್ಳುವ ಕ್ರಿಯೆ. ತು ಡುಕ್‌ನ ಶಾಸನಕ್ಕೆ ನುಡಿಗಟ್ಟನ್ನು ಒದಗಿಸಿದುದು ಈ ಪರಂಪರೆ. ಆದರೆ ರಾಜಾಜ್ಞೆಯು ಒಂದು ವಿಪತ್ತಿಗೆ ಪ್ರತಿಕ್ರಿಯಿಸಿ ಮುಗಿಯುತ್ತದೆ. ಸಮಾಧಿಯ ಮುಂದಿನ ಕಲ್ಲು ಮುಗಿಯುವುದಿಲ್ಲ. ತನ್ನ ಹೆಣದ ಕಾವಲಿಗೆ ತನ್ನ ದೋಷಗಳನ್ನೇ ನಿಲ್ಲಿಸುವುದು ಯಾವ ರೂಢಿಯೂ ಕೇಳಿದ್ದಲ್ಲ. ಆ ಹೆಚ್ಚುವರಿ ಭಾಗ ಅವನದೇ ಎಂದು ನನ್ನ ಗ್ರಹಿಕೆ.

ಭಾಷೆಯ ಪ್ರಶ್ನೆ ಇನ್ನೂ ತೊಡಕಿನದು. ಶಾಸನ ಶಿಷ್ಟ ಚೀನೀ ಭಾಷೆಯಲ್ಲಿದೆ. ಅದರ ಓದುಗರು ಪಿತೃಗಳು, ಆಕಾಶ, ಮತ್ತು ಪರೀಕ್ಷೆ ಪಾಸಾದ ವಿದ್ವಾಂಸರು. ಬಂಡೆಯನ್ನು ಐನೂರು ಕಿಲೋಮೀಟರ್ ಸಾಗಿಸಿದವರಿಗೆ ಅದರ ಒಂದಕ್ಷರವೂ ತಿಳಿಯುವಂತಿರಲಿಲ್ಲ. ಇದಕ್ಕೆ ಎದುರಾಗಿ ಇನ್ನೊಂದು ಪಠ್ಯವಿದೆ. ಡೋವಾನ್ ತ್ರುಂಗ್ ಮರಣಕ್ಕೆ ಮುನ್ನ ಸೆರೆಯಲ್ಲಿ ರಚಿಸಿದನೆನ್ನಲಾದ ‘ತ್ರುಂಗ್ ನಿಯಾ ಕಾ’, ಅಂದರೆ ‘ನಿಷ್ಠೆ ಮತ್ತು ನ್ಯಾಯದ ಹಾಡು’. ಅದು ದೇಶಭಾಷೆಯಲ್ಲಿದೆ. ಚೀನೀ ಅಕ್ಷರಗಳನ್ನು ಆಧರಿಸಿ ವಿಯೆಟ್ನಾಮೀ ನುಡಿಗಾಗಿ ರೂಪಿಸಿಕೊಂಡ ನೋಮ್ ಲಿಪಿ ಅದರದು. ಆರು ಮತ್ತು ಎಂಟು ಅಕ್ಷರಗಳ ಸಾಲುಗಳು ಒಂದಾದ ಮೇಲೊಂದು ಬರುವ, ಬಾಯಿಂದ ಬಾಯಿಗೆ ಹರಿಯುವ ‘ಲುಕ್ ಬಾತ್’ ಛಂದಸ್ಸು ಅದರದು. ಒಂದೇ ಕಟ್ಟಡ ಎರಡು ಬರಹಗಳನ್ನು ಹುಟ್ಟಿಸಿತು. ಅರಸನದು ಕಲ್ಲಿನಲ್ಲಿ, ಪರಭಾಷೆಯಲ್ಲಿ, ಗದ್ಯದಲ್ಲಿ. ದಂಗೆಕೋರನದು ಸೆರೆಯಲ್ಲಿ, ಜನರ ನುಡಿಯಲ್ಲಿ, ಜನರ ಮಟ್ಟಿನಲ್ಲಿ. ಮಾರ್ಗ-ದೇಸಿಗಳ ಸಂಬಂಧವನ್ನು ಚರ್ಚಿಸುತ್ತ ಬಂದ ನಮಗೆ ಈ ಜೋಡಿ ಅಪರಿಚಿತವೆನಿಸದು. ಒಂದು ಸಂಗತಿಯನ್ನು ಮಾತ್ರ ಮರೆಯಬಾರದು: ಮಾರ್ಗವನ್ನು ಬಲ್ಲವನೇ ಇಲ್ಲಿ ದೇಸಿಯನ್ನು ಆಯ್ದುಕೊಂಡಿದ್ದಾನೆ, ಮತ್ತು ದೇಸಿಯಲ್ಲಿಯೂ ಪದ್ಯ ಬರೆದ ಅರಸನೇ ತನ್ನ ತಪ್ಪೊಪ್ಪಿಗೆಗೆ ಮಾರ್ಗವನ್ನು ಆಯ್ದುಕೊಂಡಿದ್ದಾನೆ.

೬

ತು ಡುಕ್ ೧೮೮೩ರ ಜುಲೈನಲ್ಲಿ ತೀರಿಕೊಂಡನು. ಮರುತಿಂಗಳೇ ಫ್ರೆಂಚ್ ನೌಕಾಪಡೆ ಹುಯೆಯ ನದೀಮುಖದ ಕೋಟೆಗಳನ್ನು ಒಡೆದು ರಕ್ಷಣಾಧಿಪತ್ಯದ ಒಪ್ಪಂದವನ್ನು ಹೇರಿತು. ದತ್ತುಪುತ್ರರಲ್ಲಿ ಹಿರಿಯನಾದ ಜುಕ್ ಡುಕ್ ಮೂರೇ ದಿನಗಳಲ್ಲಿ ಪದಚ್ಯುತನಾದನು. ಅವನನ್ನು ಇಳಿಸಿದ ರಾಜಪ್ರತಿನಿಧಿಗಳು ನೆವವಾಗಿ ಬಳಸಿದುದು, ತು ಡುಕ್ ತನ್ನ ಉಯಿಲಿನಲ್ಲಿ ಅವನ ನಡತೆಯ ಬಗ್ಗೆ ಬರೆದಿದ್ದ ಟೀಕೆಯ ಮಾತುಗಳನ್ನು. ನಂತರ ಬಂದ ಹಿಯೆಪ್ ಹ್ವಾನನ್ನು ಕೆಲವೇ ತಿಂಗಳುಗಳಲ್ಲಿ ಕೊಲ್ಲಲಾಯಿತು. ಆಮೇಲೆ ಪಟ್ಟಕ್ಕೆ ಬಂದವನು ಇನ್ನೊಬ್ಬ ದತ್ತುಪುತ್ರ, ಹುಡುಗ ಕಿಯೆನ್ ಫುಕ್. ೧೮೮೪ರ ಜೂನ್‌ನಲ್ಲಿ ಎರಡನೆಯ ಒಪ್ಪಂದಕ್ಕೆ ಸಹಿ ಬಿದ್ದಾಗ, ಚೀನಾದ ಚಕ್ರವರ್ತಿ ನುಯೆನ್ ಅರಸರಿಗೆ ಕೊಟ್ಟಿದ್ದ ಮುದ್ರೆಯನ್ನು ಫ್ರೆಂಚರ ಎದುರಿನಲ್ಲಿ ಕರಗಿಸಲಾಯಿತು. ತಪ್ಪೊಪ್ಪಿಗೆಯ ಶಾಸನ ಯಾವ ರಾಜಕೀಯ ಭಾಷೆಯಲ್ಲಿ ಅರ್ಥ ಪಡೆದಿತ್ತೋ ಆ ಭಾಷೆಯ ಅಧಿಕಾರ ಅಲ್ಲಿಗೆ ಕೊನೆಗೊಂಡಿತು.

ಮುಂದೆ ಖಾಯ್ ಡಿನ್ ೧೯೨೦ರಲ್ಲಿ ಆರಂಭಿಸಿ, ಅವನ ಮರಣಾನಂತರ ೧೯೩೧ರಲ್ಲಿ ಮುಗಿದ ಸಮಾಧಿಯಲ್ಲಿ ಕಾಂಕ್ರೀಟು, ಫ್ರಾನ್ಸಿನಿಂದ ತರಿಸಿದ ಸಾಮಗ್ರಿ, ಪಿಂಗಾಣಿ ಗಾಜಿನ ಚೂರುಗಳ ಚಿತ್ತಾರ, ಗೋರಿಯ ಮೇಲೆ ಅರಸನದೇ ಕಂಚಿನ ವಿಗ್ರಹ ಬಂದವು. ಅದು ಬೇರೆಯೇ ಅಧ್ಯಯನದ ವಸ್ತು.

ಕಿಯೆನ್ ಫುಕ್ ೧೮೮೪ರ ಜುಲೈ ಕೊನೆಯಲ್ಲಿ, ಹದಿನೈದರ ಹರೆಯದಲ್ಲಿ ಸತ್ತನು. ಪ್ರತ್ಯೇಕ ಸಮಾಧಿಯ ಆವರಣ ಅವನಿಗೆ ದಕ್ಕಲಿಲ್ಲ. ತು ಡುಕ್‌ನ ಗೋರಿಯಿಂದ ಕೊಳದ ಆಚೆಗೆ, ಪಟ್ಟದರಸಿಯ ಗೋರಿಯೂ ಇರುವ ಭಾಗದಲ್ಲಿ ಅವನನ್ನು ಹೂಳಲಾಯಿತು. ಅಲ್ಲಿರುವ ಅವನ ಪೂಜಾಸ್ಥಾನದ ಹೆಸರು ಚಾಪ್ ಖಿಯೆಮ್, ಅಂದರೆ ‘ವಿನಯವನ್ನು ಬಿಡದೆ ಹಿಡಿದಿರುವುದು’.